ಯಾವ ಪಾಠ, ಸ್ವಾಮಿ?

ಹಳೆಯ ವಿಡಿಯೋ ಆಟಗಳ ಅಭಿಮಾನಿಗಳು ನಾಲ್ಕು ಜನ ಒಂದೆಡೆ ಸೇರಿದರೆಂದರೆ ಅಲ್ಲಿ ಐದು ಪಟ್ಟಿಗಳು ಹುಟ್ಟಿದವೆಂದೇ ತಿಳಿಯಬೇಕು. ಸರ್ವಶ್ರೇಷ್ಠ ಹತ್ತು, ಸರ್ವಶ್ರೇಷ್ಠ ಐವತ್ತು, ಸಾಯುವುದರೊಳಗೆ ಆಡಲೇಬೇಕಾದ ನೂರು! ಒಬ್ಬರ ಪಟ್ಟಿಯಲ್ಲಿ ಮೊದಲನೆಯದು ಇನ್ನೊಬ್ಬರದರಲ್ಲಿ ಹದಿನೇಳನೆಯದು. ನಡುವಿನ ಆ ಹದಿನಾರು ಮೆಟ್ಟಿಲುಗಳಿಗಾಗಿ ನಡೆಯುವ ಕಾಳಗಕ್ಕೆ ಹೊತ್ತುಗೊತ್ತಿಲ್ಲ. ನಲವತ್ತು ದಾಟಿದ, ಮನೆ ಸಾಲದ ಕಂತು ಕಟ್ಟುತ್ತಿರುವ, ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಗಂಭೀರವಾಗಿ ತಲೆದೂಗುವ ಗೃಹಸ್ಥರು, ೧೯೯೮ರ 'ಒಕರೀನಾ ಆಫ್ ಟೈಮ್' ದೊಡ್ಡದೋ ೧೯೯೫ರ 'ಕ್ರೋನೋ ಟ್ರಿಗರ್' ದೊಡ್ಡದೋ ಎಂಬ ಪ್ರಶ್ನೆ ಎದ್ದೊಡನೆ ಅಂಗಿಯ ತೋಳು ಮಡಿಸಿಕೊಂಡು ನಿಲ್ಲುತ್ತಾರೆ.

ಇದು ಮನೆಯ ಪಡಸಾಲೆಗಷ್ಟೇ ಸೀಮಿತವಾದ ಚಾಳಿಯಲ್ಲ. ಜಪಾನಿನ ಫಾಮಿತ್ಸು ಪತ್ರಿಕೆ ಎಂಬತ್ತರ ದಶಕದಿಂದಲೂ ನಾಲ್ವರು ವಿಮರ್ಶಕರಿಂದ ತಲಾ ಹತ್ತಕ್ಕೆ ಅಂಕ ಹಾಕಿಸಿ, ಕೂಡಿಸಿ, ನಲವತ್ತಕ್ಕೆ ಇಷ್ಟು ಎಂದು ಪ್ರಕಟಿಸುತ್ತ ಬಂದಿದೆ. ನಲವತ್ತಕ್ಕೆ ನಲವತ್ತು ಪಡೆದ ಮೊದಲ ಆಟ ಈ ಒಕರೀನಾವೇ. ೨೦೨೫ರ ಏಪ್ರಿಲಿನಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ, ಎಲ್ಲ ಕಾಲದಲ್ಲೂ ಅತ್ಯಂತ ಪ್ರಭಾವಶಾಲಿಯಾದ ಆಟ ಯಾವುದೆಂದು ಸಾರ್ವಜನಿಕರನ್ನು ಕೇಳಿತು. ಸೆಗಾ ಕಂಪನಿಯ ೧೯೯೯ರ 'ಶೆನ್‌ಮೂ' ಮೊದಲನೆಯದಾಗಿ ಬಂತು, 'ಡೂಮ್' ಎರಡನೆಯದು, 'ಸೂಪರ್ ಮಾರಿಯೋ ಬ್ರದರ್ಸ್' ಮೂರನೆಯದು. ಪಟ್ಟಿ ಹೊರಬಿದ್ದದ್ದೇ ತಡ, ಶೆನ್‌ಮೂ ಅಲ್ಲಿಗೆ ಹೇಗೆ ಹತ್ತಿತೆಂದು ಹುಬ್ಬೇರಿಸಿದವರೆಷ್ಟೋ ಮಂದಿ. ಆ ಆಟದಲ್ಲಿ ಏನಿದೆ, ಅದು ಯಾರ ಮೇಲೆ ಹೇಗೆ ಪ್ರಭಾವ ಬೀರಿತು ಎಂದು ವಿಚಾರಿಸುವ ತಾಳ್ಮೆ ಎಷ್ಟು ಜನರಿಗಿತ್ತು? ಅಂಕ, ಮತ, ಸ್ಥಾನ: ಪರೀಕ್ಷೆಯ ಕೊಠಡಿಯಿಂದ ಹೊರಬಂದು ಇಪ್ಪತ್ತೈದು ವರ್ಷವಾದರೂ ನಮ್ಮ ತಲೆಯಿಂದ ಆ ಕೊಠಡಿ ಹೊರಹೋಗಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಟವೆಂದರೆ ಮೂಗು ಮುರಿಯುವ ಹಿರಿಯರ ಗುಂಪಿನವನು ನಾನಲ್ಲ. ನನ್ನ ದೂರು ಇದಕ್ಕೆ ತದ್ವಿರುದ್ಧವಾದದ್ದು. ಈ ಆಟಗಳು ಗಂಭೀರವಾದ ವಿಮರ್ಶೆಗೆ ಅರ್ಹವಾದುವು. ಪಟ್ಟಿಕಾರರು ಅವಕ್ಕೆ ಅದನ್ನು ದಕ್ಕಗೊಡುತ್ತಿಲ್ಲ ಎಂಬುದೇ ನನ್ನ ತಕರಾರು.

೧೯೮೫ರ ಸೂಪರ್ ಮಾರಿಯೋವನ್ನೇ ತೆಗೆದುಕೊಳ್ಳಿ. ಜಪಾನಿನ ನಿಂಟೆಂಡೋ ಕಂಪನಿಯಲ್ಲಿ ಶಿಗೆರು ಮಿಯಾಮೋಟೋ, ತಕಾಶಿ ತೆಜುಕಾ ಮೊದಲಾದವರು ಸೇರಿ ಕಟ್ಟಿದ ಈ ಆಟ ಕೂತಿರುವ ಜಾಗ ಒಟ್ಟು ೪೦ ಕಿಲೋಬೈಟು. ಇಂದು ನಾವು ಫೋನಿನಲ್ಲಿ ತೆಗೆಯುವ ಒಂದೇ ಒಂದು ಚಿತ್ರ ಇದರ ಎಷ್ಟೋ ಪಟ್ಟು ದೊಡ್ಡದಿರುತ್ತದೆ. ಜಾಗ ಸಾಲದ್ದರಿಂದ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕಾರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಬಡತನದಲ್ಲಿ ಸಂಸಾರ ತೂಗಿಸುವ ಗೃಹಿಣಿಯ ಜಾಣ್ಮೆ ಇದು. ಇನ್ನು ಆಟದ ಮೊದಲ ನೋಟ. ಎಡಕ್ಕೆ ಜಾಗವಿಲ್ಲ, ಬಲಕ್ಕೆ ಬಯಲು. ಆದ್ದರಿಂದ ಬಲಕ್ಕೆ ನಡೆಯಬೇಕು. ಎದುರಿಗೆ ಹುಬ್ಬು ಗಂಟಿಕ್ಕಿಕೊಂಡು ಬರುವ ಪುಟ್ಟ ಪ್ರಾಣಿ ತಗುಲಿದರೆ ಸಾವು, ಆದ್ದರಿಂದ ಹಾರಬೇಕು. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಯನ್ನು ಕೆಳಗಿನಿಂದ ಗುದ್ದಿದರೆ ಒಂದು ಅಣಬೆ ಹೊರಬಂದು, ಬಲಕ್ಕೆ ಸರಿದು, ಅಲ್ಲಿರುವ ಕೊಳವೆಗೆ ಬಡಿದು ಹಿಂತಿರುಗಿ ನಮ್ಮತ್ತಲೇ ಬರುತ್ತದೆ. ಹೆದರಿ ತಪ್ಪಿಸಿಕೊಳ್ಳಲು ಹೋದರೂ ಅದು ಮೈಗೆ ತಗುಲುವುದೇ ಹೆಚ್ಚು. ತಗುಲಿದ ಮೇಲೆ ತಿಳಿಯುತ್ತದೆ, ಅದು ಶತ್ರುವಲ್ಲ, ವರ ಎಂದು. ಒಂದಕ್ಷರದ ವಿವರಣೆಯಿಲ್ಲದೆ ಅರ್ಧ ನಿಮಿಷದಲ್ಲಿ ಇಷ್ಟನ್ನೂ ಕಲಿಸಿಬಿಡುವ ಗುರು ಎಷ್ಟು ಜನ ಸಿಕ್ಕಾರು? ಈ ಚಮತ್ಕಾರವನ್ನು ಬಿಡಿಸಿ ಹೇಳಿದರೆ ಅದು ವಿಮರ್ಶೆ. 'ಮಾರಿಯೋ: ಮೂರನೆಯ ಸ್ಥಾನ' ಎಂದರೆ ಅದು ರೈಲ್ವೆ ವೇಳಾಪಟ್ಟಿ.

ಮೊನ್ನೆ ಒಬ್ಬ ಮಿತ್ರರು ತಮ್ಮ ಹತ್ತು ಆಟಗಳ ಪಟ್ಟಿಯನ್ನು ನನ್ನ ಮುಂದೆ ಹಿಡಿದರು. ನಾನು ಓದಿ, "ಯಾವ ಪಾಠ, ಸ್ವಾಮಿ?" ಎಂದು ಕೇಳಿದೆ. "ಪಾಠವೇ? ಇದೇನು ಶಾಲೆ ಕೆಟ್ಟುಹೋಯಿತೇ?" ಎಂದು ಅವರು ನಕ್ಕರು. ನಾನು ಕೇಳಿದ್ದು ಆ ಪಾಠವನ್ನಲ್ಲ. ನಮ್ಮಲ್ಲಿ ಓಲೆಗರಿಯ ಕಾವ್ಯವನ್ನು ಅಚ್ಚಿಗೆ ಸಿದ್ಧಪಡಿಸಿದ ವಿದ್ವಾಂಸರು ಮೊದಲು ಕೇಳುತ್ತಿದ್ದ ಪ್ರಶ್ನೆ ಇದು. ಎಷ್ಟು ಪ್ರತಿಗಳಿವೆ, ಯಾವುದು ಯಾವ ಊರಿನದು, ಎಲ್ಲಿ ಲಿಪಿಕಾರನ ಕೈತಪ್ಪು, ಎಲ್ಲಿ ಕವಿಯ ಮಾತು? ಇದಕ್ಕಾಗಿಯೇ ಡಿ. ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ' ಎಂಬ ಪುಸ್ತಕವನ್ನೇ ಬರೆದರು. ಪಾಠ ನಿರ್ಣಯವಾಗುವುದಕ್ಕೆ ಮೊದಲು ಪಂಪ ದೊಡ್ಡವನೋ ರನ್ನ ದೊಡ್ಡವನೋ ಎಂದು ಕಟ್ಟೆಯ ಮೇಲೆ ಕೂತು ಹೇಳಬಹುದು. ವಿದ್ವತ್ತಿನ ಮನೆಯಲ್ಲಿ ಹೇಳುವಂತಿಲ್ಲ.

ಆಟಗಳಿಗೂ ಪಾಠಾಂತರಗಳುಂಟು. ಅದೂ ಸಣ್ಣಪುಟ್ಟವಲ್ಲ. ಮಿತ್ರರ ಪಟ್ಟಿಯಲ್ಲಿ 'ಸೂಪರ್ ಮಾರಿಯೋ ೨' ಇತ್ತು. ಆ ಹೆಸರಿನಲ್ಲಿ ಬೇರೆ ಬೇರೆಯಾದ ಎರಡು ಆಟಗಳಿವೆ. ೧೯೮೬ರಲ್ಲಿ ಜಪಾನಿನಲ್ಲಿ ಬಂದದ್ದು ಮೊದಲ ಆಟದ ಕ್ರೂರಿಯಾದ ತಮ್ಮ. ನೋಡಲು ಅದೇ ಮುಖ, ಆಡಲು ನೂರು ಕಷ್ಟ. ಇದು ನಮ್ಮವರಿಗೆ ತಾಳಲಾರದ ಶಿಕ್ಷೆಯಾದೀತೆಂದು ಅಮೆರಿಕದ ಶಾಖೆಯವರು ಅದನ್ನು ಬೇಡವೆಂದರು. ಬದಲಿಗೆ, ೧೯೮೭ರಲ್ಲಿ ಜಪಾನಿನಲ್ಲಿ ಬಂದಿದ್ದ 'ಡೋಕಿ ಡೋಕಿ ಪ್ಯಾನಿಕ್' ಎಂಬ ಬೇರೊಂದು ಆಟದ ಪಾತ್ರಗಳ ಮುಖ ಅಳಿಸಿ, ಅಲ್ಲಿ ಮಾರಿಯೋ ಪರಿವಾರದವರನ್ನು ಕೂರಿಸಿ, ೧೯೮೮ರಲ್ಲಿ 'ಮಾರಿಯೋ ೨' ಎಂದು ಮಾರಿದರು. ಜಪಾನಿನ ಮೂಲ ಎರಡನೆಯದು ಅಮೆರಿಕದವರ ಕೈಗೆ ಬಂದದ್ದು ೧೯೯೩ರಲ್ಲಿ, ಬೇರೆ ಹೆಸರಿನಲ್ಲಿ. ಹಾಗಾದರೆ ಪಟ್ಟಿಯ ಏಳನೆಯ ಸ್ಥಾನದಲ್ಲಿ ವಿರಾಜಮಾನವಾಗಿರುವುದು ಯಾವ ಮಾರಿಯೋ ೨? ಮಿತ್ರರು ತಲೆ ಕೆರೆದುಕೊಂಡರು.

'ಕ್ಯಾಸಲ್‌ವೇನಿಯಾ ೩' ಎಂಬ ಆಟದ ಜಪಾನೀ ಕ್ಯಾಸೆಟ್ಟಿನಲ್ಲಿ ಸಂಗೀತಕ್ಕಾಗಿಯೇ ಒಂದು ಹೆಚ್ಚಿನ ಚಿಪ್ಪನ್ನು ಇಟ್ಟಿದ್ದರು. (ನಮ್ಮಲ್ಲಿ ಆಟದ ಕಾರ್ಟ್ರಿಜ್‌ಗೆ ಕ್ಯಾಸೆಟ್ ಎಂದೇ ರೂಢಿ, ನಾನು ಅದನ್ನು ಬಿಡಲಾರೆ.) ಅಮೆರಿಕದ ಯಂತ್ರ ಕ್ಯಾಸೆಟ್ಟಿನಿಂದ ಬರುವ ಆ ಹೆಚ್ಚಿನ ನಾದವನ್ನು ಸ್ವೀಕರಿಸುತ್ತಿರಲಿಲ್ಲವಾದ್ದರಿಂದ ಅಲ್ಲಿಯ ಪ್ರತಿಯಲ್ಲಿ ಸಂಗೀತ ಸೊರಗಿತು. 'ಆಹಾ, ಏನು ಸಂಗೀತ!' ಎಂದು ಅಂಕ ಕೊಡುವ ಇಬ್ಬರಲ್ಲಿ ಒಬ್ಬ ಪಕ್ಕವಾದ್ಯವಿದ್ದ ಕಚೇರಿ ಕೇಳಿದ್ದಾನೆ, ಮತ್ತೊಬ್ಬ ಪಕ್ಕವಾದ್ಯದವರು ಬಸ್ಸು ತಪ್ಪಿಸಿಕೊಂಡ ದಿನದ ಕಚೇರಿ ಕೇಳಿದ್ದಾನೆ. 'ಕಾಂಟ್ರಾ'ದ ಕಥೆ ಇನ್ನೂ ವಿಚಿತ್ರ. ಜಪಾನಿನ ಪ್ರತಿಯಲ್ಲಿ ಗಾಳಿಗೆ ಮರಗಳು ತೂಗುತ್ತವೆ, ಹಿಮ ಬೀಳುತ್ತದೆ, ನಡುನಡುವೆ ಕಥೆ ಹೇಳುವ ದೃಶ್ಯಗಳಿವೆ. ಅಮೆರಿಕದ ೧೯೮೮ರ ಪ್ರತಿಯಲ್ಲಿ ಇವು ಯಾವುವೂ ಇಲ್ಲ. ಯೂರೋಪಿಗೆ ಹೋದಾಗ ಮನುಷ್ಯರು ಮನುಷ್ಯರನ್ನು ಕೊಲ್ಲುವುದು ಬೇಡವೆಂದು ಎಲ್ಲರನ್ನೂ ಯಂತ್ರಮಾನವರನ್ನಾಗಿ ಮಾಡಿ 'ಪ್ರೊಬೊಟೆಕ್ಟರ್' ಎಂದು ನಾಮಕರಣ ಮಾಡಿದರು. 'ಫೈನಲ್ ಫ್ಯಾಂಟಸಿ' ಸರಣಿಯ ಆರನೆಯದು ೧೯೯೪ರಲ್ಲಿ ಅಮೆರಿಕಕ್ಕೆ ಹೋದದ್ದು ಮೂರನೆಯದೆಂಬ ಹೆಸರಿನಲ್ಲಿ, ಏಕೆಂದರೆ ನಡುವಿನ ಕೆಲವು ಅಲ್ಲಿಗೆ ಹೋಗಿರಲೇ ಇಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ಭೇದಗಳು. ಕಾಣದ ಭೇದವೊಂದಿದೆ. ಜಪಾನ್, ಅಮೆರಿಕಗಳ ಟಿ.ವಿ. ಸೆಕೆಂಡಿಗೆ ೬೦ ಸಲ ಚಿತ್ರ ಬರೆಯುತ್ತಿತ್ತು. ಯೂರೋಪಿನದು ೫೦ ಸಲ. ಆಟದ ಓಟವನ್ನು ಈ ಗಡಿಯಾರಕ್ಕೆ ಕಟ್ಟಿರುತ್ತಿದ್ದುದರಿಂದ, ಸರಿಪಡಿಸದೆ ಕಳಿಸಿದ ಆಟಗಳು ಯೂರೋಪಿನಲ್ಲಿ ನೂರಕ್ಕೆ ಹದಿನೇಳರಷ್ಟು ನಿಧಾನವಾಗಿ ಓಡಿದವು. ೧೯೯೧ರಲ್ಲಿ ವೇಗವೇ ತನ್ನ ಪ್ರಾಣವೆಂದು ಸಾರಿಕೊಂಡು ಬಂದ 'ಸೋನಿಕ್' ಎಂಬ ನೀಲಿ ಮುಳ್ಳುಹಂದಿ ಕೂಡ ಲಂಡನ್ನಿನಲ್ಲಿ ಕುಂಟುತ್ತಿತ್ತು. ಅದರ ಹಾಡೂ ನಿಧಾನ. ಸೋನಿಕ್ ವೇಗವೋ ಮಾರಿಯೋ ವೇಗವೋ ಎಂದು ನ್ಯೂಯಾರ್ಕಿನವನೂ ಲಂಡನ್ನಿನವನೂ ವರ್ಷಗಟ್ಟಲೆ ವಾದಿಸಿದರೆ ಅದಕ್ಕೇನೆನ್ನಬೇಕು?

ಹಳೆಯ ಟಿ.ವಿ.ಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅದೇ ಸೋನಿಕ್‌ನಲ್ಲಿ ಒಂದು ಜಲಪಾತವಿದೆ. ಚಿತ್ರಕಾರ ಬರೆದಿರುವುದು ಒಂದು ಬಿಟ್ಟು ಒಂದು ಉದ್ದ ಗೆರೆಗಳನ್ನು. ಆ ಕಾಲದ ತಂತಿ, ಆ ಕಾಲದ ದಪ್ಪ ಗಾಜಿನ ಟಿ.ವಿ. ಇವುಗಳಲ್ಲಿ ಹಾದುಬರುವಾಗ ಗೆರೆಗಳು ಒಂದರೊಳಗೊಂದು ಕಲಸಿ, ಹಿಂದಿನ ದೃಶ್ಯ ಕಾಣುವಂಥ ತೆಳುನೀರಾಗುತ್ತಿತ್ತು. ಇಂದಿನ ನುಣುಪು ಪರದೆಯಲ್ಲಿ ಅದು ಜೈಲಿನ ಸರಳು! 'ಡಕ್ ಹಂಟ್' ಎಂಬ ಬಾತುಕೋಳಿ ಬೇಟೆಯಂತೂ ಇಂದಿನ ಟಿ.ವಿ.ಯಲ್ಲಿ ನಡೆಯುವುದೇ ಇಲ್ಲ. ಕುದುರೆ ಎಳೆದ ಕ್ಷಣದಲ್ಲಿ ಪರದೆ ಕಪ್ಪಾಗಿ, ಹಕ್ಕಿಯ ಜಾಗದಲ್ಲಿ ಒಂದು ಬಿಳಿ ಚೌಕ ಮಿಂಚಬೇಕು. ಬಂದೂಕಿನೊಳಗಿನ ಕಣ್ಣು ಆ ಬೆಳಕನ್ನು ಆ ಕ್ಷಣದಲ್ಲೇ ಕಾಣಬೇಕು. ಹೊಸ ಟಿ.ವಿ. ಚಿತ್ರವನ್ನು ತಡಮಾಡಿ ತೋರಿಸುತ್ತದೆ; ಬಂದೂಕು ಕುರುಡಾಗುತ್ತದೆ. ಆದರೂ ಡಕ್ ಹಂಟ್ ಪಟ್ಟಿಗಳಲ್ಲಿದೆ, ಏರುತ್ತಲೂ ಇಳಿಯುತ್ತಲೂ ಇದೆ. ಆಡಲಾಗದ ಆಟಕ್ಕೆ ಹೊಸ ಅಂಕ ಎಲ್ಲಿಂದ ಬಂತು?

ನಮ್ಮ ದೇಶದ ಪಟ್ಟಿಕಾರರ ವಿಷಯದಲ್ಲಿ ನನಗೆ ಕೋಪಕ್ಕಿಂತ ಹೆಚ್ಚಾಗಿ ಮರುಕ. ತೊಂಬತ್ತರ ದಶಕದಲ್ಲಿ ಇಲ್ಲಿಯ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಬಹುಮಟ್ಟಿಗೆ ನಿಂಟೆಂಡೋದ ೧೯೮೩ರ ಫ್ಯಾಮಿಕಾಮ್ ಯಂತ್ರದ ನಕಲುಗಳು. ಜೊತೆಗೆ '೯೯೯೯ ಆಟ' ಎಂಬ ಚೀಟಿ ಅಂಟಿಸಿದ ಹಳದಿಯದೋ ಕೆಂಪಿನದೋ ಕ್ಯಾಸೆಟ್. ಹಾಕಿ ನೋಡಿದರೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಉಳಿದ ಸಾವಿರಾರು, ಅದೇ ಆಟ ಬೇರೆ ಮಟ್ಟದಿಂದ ಶುರುವಾಗುವುದು, ಹೆಸರು ಬದಲಾಯಿಸಿಕೊಳ್ಳುವುದು. ಕೈಪಿಡಿಯಿಲ್ಲ, ಕಥೆಯಿಲ್ಲ, ಮಾಡಿದವರ ಹೆಸರು ಅಳಿಸಿಹೋಗಿದೆ. ನಮ್ಮ ಟಿ.ವಿ.ಯೂ ೫೦ರ ಪಂಗಡದ್ದೇ. ಇದು ಕಳ್ಳಮಾಲು, ಒಪ್ಪಿದೆ. ಆದರೆ ಒಂದು ಪೀಳಿಗೆಯ ನಿಜವಾದ ಬಾಲ್ಯ ಇದು. ಬೇಸಿಗೆ ರಜೆಯಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೊಂದು ಗುಂಡಿಪೆಟ್ಟಿಗೆ ಹಿಡಿದು ಕಾಂಟ್ರಾ ಆಡಿದ್ದು, ಯಂತ್ರ ಕಾಯಿತೆಂದು ಅಮ್ಮ ಪ್ಲಗ್ ಕಿತ್ತದ್ದು, ಇವು ನಡೆದ ಸಂಗತಿಗಳು. ಇಂಥ ಬಾಲ್ಯದವರು ಈಗ ಪಟ್ಟಿ ಬರೆಯಲು ಕೂತರೆ ಅಮೆರಿಕದ ಹುಡುಗರ ಬಾಲ್ಯವನ್ನು ನಕಲು ಮಾಡುತ್ತಾರೆ. ಯೂರೋಪಿನಲ್ಲೇ ೨೦೦೯ರವರೆಗೆ ಅಂಗಡಿಗೆ ಬಾರದಿದ್ದ ಕ್ರೋನೋ ಟ್ರಿಗರನ್ನು ತಾವು ಮೂರನೆಯ ತರಗತಿಯಲ್ಲಿ ಮುಗಿಸಿದಂತೆ ಮಾತಾಡುತ್ತಾರೆ. ಬೆಳೆದಮೇಲೆ ಆಡಿ ಮೆಚ್ಚಿದ್ದರೆ ತಪ್ಪೇನೂ ಇಲ್ಲ, ಹಾಗೆಂದು ಹೇಳಬಹುದಲ್ಲ! ಕ್ಯಾಸೆಟ್ ನಕಲಾದದ್ದಕ್ಕೆ ನಾಚಿಕೆಪಟ್ಟು ನೆನಪನ್ನೇ ನಕಲು ಮಾಡುವುದು ಯಾವ ನ್ಯಾಯ?

ಪಟ್ಟಿಯ ತುದಿಯಲ್ಲಿ ನಡೆಯುವಷ್ಟೇ ಅನ್ಯಾಯ ಬುಡದಲ್ಲೂ ನಡೆಯುತ್ತದೆ. 'ಅತ್ಯಂತ ಕೆಟ್ಟ ಆಟ'ವೆಂಬ ಬಿರುದು ಅಟಾರಿ ಕಂಪನಿಯ ೧೯೮೨ರ 'ಇ.ಟಿ.'ಗೆ ಖಾಯಂ. ಮಾರಾಟವಾಗದ ಕ್ಯಾಸೆಟ್ಟುಗಳನ್ನು ೧೯೮೩ರಲ್ಲಿ ನ್ಯೂ ಮೆಕ್ಸಿಕೋದ ಆಲಮೊಗೊರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತದ್ದು, ೨೦೧೪ರಲ್ಲಿ ಅಗೆದು ತೆಗೆದದ್ದು ಎಲ್ಲರಿಗೂ ಗೊತ್ತು. ಆದರೆ ಹೋವರ್ಡ್ ಸ್ಕಾಟ್ ವಾರ್ಷಾ ಎಂಬೊಬ್ಬನೇ ಮನುಷ್ಯನಿಗೆ, ಕ್ರಿಸ್‌ಮಸ್ ಮಾರಾಟಕ್ಕೆ ಸಿದ್ಧವಾಗಲೇಬೇಕೆಂದು ಕೊಟ್ಟದ್ದು ಸುಮಾರು ಐದು ವಾರ. ಯಂತ್ರಕ್ಕಿದ್ದ ಸ್ಮರಣೆ ೧೨೮ ಬೈಟು, ಎಂದರೆ ಈ ವಾಕ್ಯ ಹಿಡಿಸುವುದಕ್ಕೂ ಸಾಲದು. ಇದೇ ಮನುಷ್ಯ ಅದೇ ವರ್ಷ, ಅದೇ ಯಂತ್ರಕ್ಕೆ 'ಯಾರ್ಸ್ ರಿವೆಂಜ್' ಎಂಬ ಸೊಗಸಾದ ಆಟ ಕೊಟ್ಟಿದ್ದ. ಇ.ಟಿ.ಯನ್ನು ನಗುವವರಲ್ಲಿ ಹತ್ತು ನಿಮಿಷ ಅದನ್ನು ಆಡಿದವರು ಎಷ್ಟು ಜನ? ನಾನು ಆಡಿದ್ದೇನೆ. ಹೊಂಡಕ್ಕೆ ಬಿದ್ದು, ಎದ್ದು, ಮತ್ತೆ ಬೀಳುವುದು ಬೇಸರವೇ. ಆದರೆ ಅದಕ್ಕಿಂತ ಬೇಸರದ ಎಷ್ಟೋ ಆಟಗಳು ಹೆಸರಿಲ್ಲದೆ ಪಾರಾಗಿವೆ.

"ಹರಟೆಗೆ ಇಷ್ಟು ಕೋಪವೇಕಯ್ಯ? ಕಾಫಿಯ ಜೊತೆಗೆ ಕೋಡುಬಳೆಯಿದ್ದಂತೆ ಪಟ್ಟಿ. ಅದರಿಂದ ಯಾರ ಗಂಟು ಹೋಯಿತು?" ಎಂದರು ನನ್ನ ಮಿತ್ರರು. ಹರಟೆಯಾಗಿ ಉಳಿದಿದ್ದರೆ ನಾನೂ ಒಂದು ಕೋಡುಬಳೆ ಮುರಿಯುತ್ತಿದ್ದೆ. ೨೦೧೬ರಲ್ಲಿ ನಿಂಟೆಂಡೋ ಕಂಪನಿ ತನ್ನ ಹಳೆಯ ಯಂತ್ರದ ಪುಟ್ಟ ಪ್ರತಿಕೃತಿಯನ್ನು ಮೂವತ್ತು ಆಟ ತುಂಬಿಸಿ ಮಾರಿತು. ಜಪಾನಿನ ಪೆಟ್ಟಿಗೆಯ ಮೂವತ್ತು, ಅಮೆರಿಕದ ಪೆಟ್ಟಿಗೆಯ ಮೂವತ್ತು, ಎರಡಕ್ಕೂ ಸಮಾನವಾದವು ಇಪ್ಪತ್ತೆರಡೇ, ಎಂಟೆಂಟು ಬೇರೆ. ಮಾಡಿದವರಿಗೇ ಒಂದು ಪಟ್ಟಿ ಸಾಲದೆ ಹೋಯಿತು. ಆದರೆ ಆ ಯಂತ್ರಕ್ಕೆ ಜಪಾನಿನಲ್ಲಿ ಬಂದಿದ್ದ ಆಟಗಳು ಸಾವಿರಕ್ಕೂ ಮಿಕ್ಕಿ. ಉಳಿದವುಗಳ ಗತಿ? ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಮಾರುವುದು ಲಾಭ. ಎಲ್ಲರಿಗೂ ಗೊತ್ತಿರುವುದು ಯಾವುದೆಂದು ತಿಳಿಸುವುದು ಪಟ್ಟಿ. ಪಟ್ಟಿಯೊಂದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ, ಅದರ ಪಾಲೂ ಇದೆಯೆಂದು ಮಾತ್ರ ಹೇಳುತ್ತೇನೆ. ೨೦೨೧ರ ಆಗಸ್ಟಿನಲ್ಲಿ ಸೂಪರ್ ಮಾರಿಯೋದ ಒಂದು ಪ್ರತಿ ೨೦ ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಹೆಚ್ಚುಗಾರಿಕೆ ಏನು ಗೊತ್ತೇ? ಮೊಹರು ಒಡೆದಿಲ್ಲ. ಯಾರೂ ಅದನ್ನು ಒಮ್ಮೆಯೂ ಆಡಿಲ್ಲ!

ಇನ್ನೊಂದು ಲೆಕ್ಕ. ೨೦೨೩ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ, ಇನ್ನೊಂದು ಸಂರಕ್ಷಣಾ ಸಂಸ್ಥೆಯೊಡನೆ ಸೇರಿ ಒಂದು ಅಧ್ಯಯನ ನಡೆಸಿತು. ೨೦೧೦ಕ್ಕೆ ಮುಂಚೆ ಆ ದೇಶದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ ೮೭ ಇಂದು ಯಾವ ಅಂಗಡಿಯಲ್ಲೂ ಕೊಳ್ಳಲು ಸಿಗುವುದಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ನಿಂಟೆಂಡೋ ತನ್ನ ಎರಡು ಯಂತ್ರಗಳ ಆಟದಂಗಡಿಗಳ ಬಾಗಿಲು ಹಾಕಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಹಳೆಯ ಆಟಗಳ ಮಾರಾಟವೂ ನಿಂತಿತು. ಗ್ರಂಥಾಲಯಗಳು ತಾವು ಕಾಪಿಟ್ಟ ಆಟಗಳನ್ನು ದೂರದ ಸಂಶೋಧಕರಿಗೆ ಅವರಿದ್ದಲ್ಲಿಂದಲೇ ಆಡಲು ಬಿಡುತ್ತೇವೆಂದು ಕೇಳಿಕೊಂಡರೆ, ೨೦೨೪ರ ಅಕ್ಟೋಬರಿನಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ಆಗದೆಂದಿತು. ಪುಸ್ತಕ ಓದುವವರಿಗೆ ಸಿಕ್ಕಷ್ಟು ಸೌಲಭ್ಯ ಆಟ ಅಭ್ಯಾಸಮಾಡುವವರಿಗಿಲ್ಲ. ಇಷ್ಟೆಲ್ಲ ಆಗುತ್ತಿರುವಾಗ ನಮ್ಮ ರಸಿಕರು ಏನು ಮಾಡುತ್ತಿದ್ದಾರೆ? ಮೂರನೆಯದನ್ನು ಎರಡಕ್ಕೆ ಏರಿಸಬೇಕೇ ಎಂದು ಮತ ಹಾಕುತ್ತಿದ್ದಾರೆ.

ಕನ್ನಡಿಗರಿಗೆ ಈ ದುಃಖ ಹೊಸದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ತನಗಿಂತ ಹಿಂದಿನ ಗದ್ಯಕಾರರ ಹೆಸರು ಹೇಳುತ್ತದೆ: ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಅವರ ಕನ್ನಡ ಗದ್ಯದಲ್ಲಿ ಒಂದು ಓಲೆಯೂ ನಮಗೆ ದಕ್ಕಲಿಲ್ಲ. ಪಟ್ಟಿ ಉಳಿಯಿತು, ಕೃತಿಗಳು ಹೋದವು. ಅವರಲ್ಲಿ ಯಾರು ಮೇಲೆಂದು ಇಂದು ಯಾರಾದರೂ ತೀರ್ಪು ಕೊಟ್ಟರೆ ನಾವು ನಗುತ್ತೇವೆ. ಅದಕ್ಕೆ ಹನ್ನೊಂದು ಶತಮಾನ ಬೇಕಾಯಿತು. ಆಟಗಳ ವಿಷಯದಲ್ಲಿ ನಾಲ್ಕೇ ದಶಕದಲ್ಲಿ ಆ ಸ್ಥಿತಿಗೆ ಬಂದು ಮುಟ್ಟುತ್ತಿದ್ದೇವೆ.

ಆಟವನ್ನು ನಿಜವಾಗಿ ಬಲ್ಲವರು ಇಲ್ಲವೆಂದಲ್ಲ. ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ನಿಂಟೆಂಡೋದ ೧೯೮೯ರ 'ಟೆಟ್ರಿಸ್' ಆಡುತ್ತ ೧೫೭ನೆಯ ಹಂತ ಮುಟ್ಟಿದ. ಅಲ್ಲಿ ಯಂತ್ರವೇ ದಿಕ್ಕೆಟ್ಟು ನಿಂತುಹೋಯಿತು. ೨೯ನೆಯ ಹಂತದಲ್ಲಿ ತುಂಡುಗಳು ಬೀಳುವ ಭರಕ್ಕೆ ಮನುಷ್ಯನ ಹೆಬ್ಬೆರಳು ಸೋಲುತ್ತದೆ, ಅದೇ ಆಟದ ಕೊನೆ ಎಂದು ಬಹುಕಾಲ ನಂಬಿದ್ದರು. ಆಮೇಲೆ ಬಂದವರು, ಹೆಬ್ಬೆರಳನ್ನು ಗುಂಡಿಯ ಮೇಲೆ ಸುಮ್ಮನೆ ಇಟ್ಟು, ಉಳಿದ ಬೆರಳುಗಳಿಂದ ಪೆಟ್ಟಿಗೆಯ ಬೆನ್ನನ್ನು ತಬಲಾ ಬಾರಿಸಿದಂತೆ ಬಾರಿಸುವ ಉಪಾಯ ಕಂಡುಹಿಡಿದರು. ಈ ಹುಡುಗ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲಿನ ಆಟ ಅದು. ಅವನು ಅದಕ್ಕೆ ಎಷ್ಟನೆಯ ಸ್ಥಾನ ಕೊಡುತ್ತಾನೋ ನನಗೆ ಬೇಡ. ಅದರ ಒಳಗುಟ್ಟನ್ನು ಮಾತ್ರ ಅವನು ಬಲ್ಲ.

ಮಿತ್ರರು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು, ಹರಿದುಹಾಕಲಿಲ್ಲ. ಹೋಗುವಾಗ, ತಮ್ಮ ಊರಿನ ಮನೆಯ ಅಟ್ಟದ ಮೇಲೆ ಆ ಕಾಲದ ಕ್ಯಾಸೆಟ್ಟುಗಳ ಒಂದು ಬಿಸ್ಕತ್ತಿನ ಡಬ್ಬಿ ಇರಬೇಕೆಂದರು. ಇಂಥ ಡಬ್ಬಿ ವಾಚಕರಲ್ಲಿ ಎಷ್ಟೋ ಜನರ ಅಟ್ಟದ ಮೇಲಿದ್ದೀತು. ದೀಪಾವಳಿಯ ಸ್ವಚ್ಛತೆಯಲ್ಲಿ ಹಳೆ ಪೇಪರಿನವನಿಗೆ ಕೊಡುವ ಮೊದಲು ಮೇಲಿನ ಚೀಟಿಯನ್ನು ಓದಿ, ಒಳಗೆ ಯಾವ ಯಾವ ಆಟವಿತ್ತು, ಯಾವ ಊರಿನಲ್ಲಿ ಯಾವ ವರ್ಷ ಕೊಂಡದ್ದು, ಎಷ್ಟು ಕೊಟ್ಟದ್ದು, ಇಷ್ಟನ್ನು ಒಂದು ಕಾಗದದ ಮೇಲೆ ಬರೆದು ಡಬ್ಬಿಯಲ್ಲಿಡಿ. ಕೆಲಸಮಾಡುತ್ತದೆಯೇ ಎಂದು ನೋಡುವ ಆಸೆಯಾದರೆ ನೋಡಿ. ಆದರೆ ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಬಾಯಿಂದ ಊದಬೇಡಿ. ಉಸಿರಿನ ತೇವಕ್ಕೆ ಒಳಗಿನ ಲೋಹದ ಹಲ್ಲುಗಳು ಕಿಲುಬು ಹಿಡಿಯುತ್ತವೆ.